ಔಟ್‌ಬೋರ್ಡ್ ಮೋಟರ್ ಬಿಸಿಯಾಗ್ತಿದೆಯಾ? ನೀರು ಎಲ್ಲಿ ನಿಂತಿದೆ ಅಂತ ಹುಡುಕುವ ಸಮಗ್ರ ಮಾರ್ಗದರ್ಶಿ

ಔಟ್‌ಬೋರ್ಡ್ ಮೋಟರ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕಟ್ಟುವ ಮೋಟರ್, ಬಿಸಿಯಾಗಿ ಅಲಾರ್ಮ್ ಕೂಗಿದರೆ ಹೆಚ್ಚಿನವರು ಮಾಡುವ ಕೆಲಸ ಒಂದೇ. ಹೊಸ ಇಂಪೆಲ್ಲರ್ (ನೀರು ಎತ್ತುವ ಪಂಪಿನ ರಬ್ಬರ್ ಚಕ್ರ) ತಂದು ಹಾಕುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸರಿಹೋಗದಿದ್ದಾಗ ಥರ್ಮೋಸ್ಟ್ಯಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ವಾಲ್ವ್) ಬದಲಿಸುತ್ತಾರೆ, ಆಮೇಲೆ ಸೆನ್ಸರ್, ಅದೂ ಆಗದಿದ್ದರೆ ತಲೆ ಮೇಲೆ ಕೈ. ಹೀಗೆ ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಸೀಸನ್ನೂ ಹೋಗುತ್ತದೆ. ಅದಕ್ಕೇ ಸ್ಪ್ಯಾನರ್ ಕೈಗೆ ತಗೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾವಾಗ ಬಿಸಿಯಾಗುತ್ತಿದೆ? ಐಡಲ್‌ನಲ್ಲಾ (ಥ್ರಾಟಲ್ ಕೊಡದೆ ನಿಧಾನಕ್ಕೆ ಓಡುವಾಗ), ಫುಲ್ ಸ್ಪೀಡಿನಲ್ಲಾ, ಎರಡರಲ್ಲೂನಾ? ಈ ಉತ್ತರವೊಂದೇ ಅರ್ಧ ದಾರಿ ತೋರಿಸುತ್ತದೆ.

ಮೊದಲು, ನೀರಿನ ಮೇಲಿರುವಾಗಲೇ ಅಲಾರ್ಮ್ ಕೂಗಿದರೆ

ಥ್ರಾಟಲ್ ಪೂರ್ತಿ ಇಳಿಸಿ, ನ್ಯೂಟ್ರಲ್‌ಗೆ ತನ್ನಿ. ತಕ್ಷಣ ಹಿಂದೆ ತಿರುಗಿ ಟೆಲ್‌ಟೇಲ್ ನೋಡಿ, ಅಂದರೆ ಮೋಟರಿನ ಹಿಂದಿನಿಂದಲೋ ಪಕ್ಕದಿಂದಲೋ ಸಣ್ಣ ಧಾರೆಯಾಗಿ ಚಿಮ್ಮುವ ನೀರು. ಧಾರೆ ಸರಿಯಾಗಿ ಬರುತ್ತಿದ್ದರೆ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲೇ ಓಡಲಿ, ಒಳಗಿನ ಬಿಸಿಯನ್ನು ಆ ನೀರೇ ಹೊರಗೆ ಹಾಕುತ್ತದೆ. ಅಷ್ಟರಲ್ಲೂ ಅಲಾರ್ಮ್ ನಿಲ್ಲದಿದ್ದರೆ, ಧಾರೆಯೇ ಇಲ್ಲದಿದ್ದರೆ, ಅಥವಾ ನೀರಿನ ಬದಲು ಹಬೆ ಬರುತ್ತಿದ್ದರೆ ಯೋಚನೆ ಮಾಡದೆ ಆಫ್ ಮಾಡಿ. ಗಾಳಿಯೋ ಸೆಳೆತವೋ ಬೋಟನ್ನು ಕೆಟ್ಟ ಕಡೆಗೆ ಒಯ್ಯುತ್ತಿದ್ದರೆ ಮೊದಲು ಲಂಗರು ಹಾಕಿ, ಮೋಟರ್ ಆಮೇಲೆ.

ಆಫ್ ಮಾಡಿದ ಮೇಲೆ ಮೋಟರನ್ನು ಮೇಲಕ್ಕೆ ಎತ್ತಿ ಕೆಳಭಾಗ ನೋಡಿ. ನೀರು ಒಳಗೆ ಹೋಗುವ ಜಾಲರಿಗೆ ಪ್ಲಾಸ್ಟಿಕ್ ಚೀಲ, ಜೊಂಡು, ಪಾಚಿ ಸುತ್ತಿಕೊಂಡಿರುವುದು ತೀರಾ ಸಾಮಾನ್ಯ. ಕಿತ್ತು ಬಿಸಾಡಿ, ತಣ್ಣಗಾಗಲು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ ಧಾರೆ ನೋಡಿ. ಎಷ್ಟೋ ಜನರ ಕಥೆ ಇಲ್ಲಿಗೇ ಮುಗಿಯುತ್ತದೆ.

ಎರಡು ಕೆಲಸ ಮಾತ್ರ ಮಾಡಲೇಬೇಡಿ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಅಲ್ಯೂಮಿನಿಯಂ ಹೆಡ್ (ಸಿಲಿಂಡರಿನ ತುದಿ ಮುಚ್ಚುವ ಭಾಗ) ಸೊಟ್ಟಗಾಗಬಹುದು, ಬಿರುಕು ಬಿಡಬಹುದು. ಬಿಸಿ ಇರುವಾಗ ಥರ್ಮೋಸ್ಟ್ಯಾಟ್ ಮುಚ್ಚಳ ಬಿಚ್ಚಬೇಡಿ, ಕೈ ಮುಖ ಸುಡುತ್ತದೆ. ಇನ್ನೊಂದು ಮಾತು: ಕೆಲವು ಮೋಟರ್‌ಗಳಲ್ಲಿ ಆಯಿಲ್ ಕಡಿಮೆಯಾದರೂ ಅಲಾರ್ಮ್ ಕೂಗುತ್ತದೆ. ಯಾವ ಸದ್ದಿಗೆ ಏನರ್ಥ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ, ಆಯಿಲ್ ಮಟ್ಟವನ್ನೂ ನೋಡಿ.

ನೀರು ಹೋಗುವ ದಾರಿ

ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ. ಬೋಟ್ ತೇಲುತ್ತಿರುವ ನೀರನ್ನೇ ಎತ್ತಿ ಎಂಜಿನ್ ತಣ್ಣಗೆ ಮಾಡಿ ಹೊರಗೆ ಬಿಡುತ್ತದೆ. ಪ್ರೊಪೆಲ್ಲರ್ ಮುಂದಿನ ಜಾಲರಿಯಿಂದ ನೀರು ಒಳಗೆ ಬರುತ್ತದೆ. ಲೋವರ್ ಯೂನಿಟ್ (ಗೇರ್, ಪ್ರೊಪೆಲ್ಲರ್ ಇರುವ ಮೋಟರಿನ ಕೆಳಭಾಗ) ಮೇಲೆ ಕೂತಿರುವ ವಾಟರ್ ಪಂಪಿನ ರಬ್ಬರ್ ಇಂಪೆಲ್ಲರ್ ಅದನ್ನು ಒಂದು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಅಲ್ಲಿಂದ ಎಕ್ಸಾಸ್ಟ್ ಸುತ್ತ, ಸಿಲಿಂಡರ್ ಬ್ಲಾಕ್, ಹೆಡ್, ಥರ್ಮೋಸ್ಟ್ಯಾಟ್. ಕೊನೆಗೆ ಹೆಚ್ಚಿನ ನೀರು ಎಕ್ಸಾಸ್ಟ್ ಜೊತೆ ಕೆಳಗೇ ಹೋಗುತ್ತದೆ, ಒಂದು ಸಣ್ಣ ಪಾಲು ಮಾತ್ರ ಟೆಲ್‌ಟೇಲಿನಿಂದ ಚಿಮ್ಮುತ್ತದೆ.

ಇಲ್ಲೇ ಜನ ಮೋಸ ಹೋಗುವುದು. ಟೆಲ್‌ಟೇಲ್ ಜೋರಾಗಿದೆ, ಹಾಗಾಗಿ ನೀರಿನ ತೊಂದರೆ ಅಲ್ಲವೇ ಅಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಬಹಳ ಮೋಟರ್‌ಗಳಲ್ಲಿ ಆ ಧಾರೆಗೆ ನೀರು ಸಿಗುವುದು ಥರ್ಮೋಸ್ಟ್ಯಾಟಿಗಿಂತ ಮುಂಚೆಯೇ. ಅಂದರೆ ಧಾರೆ ಹೇಳುವುದು ಪಂಪ್ ನೀರು ಎತ್ತುತ್ತಿದೆ ಅಂತ ಮಾತ್ರ. ಆ ನೀರು ಹೆಡ್ ತನಕ ಹೋಗಿ ತಿರುಗುತ್ತಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಉಲ್ಟಾ ಕೂಡ ನಿಜ. ಧಾರೆ ಸಣ್ಣಗಾಗಿದ್ದರೂ ಎಂಜಿನ್ ತಣ್ಣಗೇ ಇರಬಹುದು, ಟೆಲ್‌ಟೇಲಿನ ಬಾಯಿ ಮಾತ್ರ ಕಟ್ಟಿಕೊಂಡಿರುತ್ತದೆ.

ಯಾವಾಗ ಬಿಸಿಯಾಗುತ್ತದೆ ಅನ್ನುವುದರಿಂದ ಏನು ಗೊತ್ತಾಗುತ್ತದೆ

ಐಡಲ್‌ನಲ್ಲಿ ಬಿಸಿ, ಸ್ಪೀಡ್ ಕೊಟ್ಟರೆ ತಣ್ಣಗಾಗುತ್ತದೆ ಅಂತಾದರೆ ಮೊದಲ ಅನುಮಾನ ಇಂಪೆಲ್ಲರ್ ಮೇಲೆ. ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ. ನಿಧಾನಕ್ಕೆ ತಿರುಗುವಾಗ ಇಂಪೆಲ್ಲರಿನ ರೆಕ್ಕೆಗಳು ಪಂಪಿನ ಗೋಡೆಗೆ ಒತ್ತಿಕೊಂಡು ನೀರನ್ನು ಹಿಡಿದು ತಳ್ಳುತ್ತವೆ. ವೇಗ ಹೆಚ್ಚಾದ ಮೇಲೆ ನೀರಿನ ಒತ್ತಡಕ್ಕೆ ರೆಕ್ಕೆಗಳು ಬಾಗಿ ಗೋಡೆಯಿಂದ ದೂರ ಸರಿಯುತ್ತವೆ, ಆಗ ಕೆಲಸ ನಡೆಯುವುದು ತಿರುಗುವ ರಭಸದಿಂದ. ಹಳೆಯದಾಗಿ ಗಟ್ಟಿಯಾದ, ಒಂದು ಕಡೆಗೆ ಬಾಗಿ ಹಾಗೇ ನಿಂತ ರೆಕ್ಕೆಗಳು ಸ್ಪೀಡಿನಲ್ಲಿ ಹೇಗೋ ನಿಭಾಯಿಸುತ್ತವೆ, ಐಡಲ್‌ನಲ್ಲಿ ಕೈಕೊಡುತ್ತವೆ. ಇದೇ ಲಕ್ಷಣಕ್ಕೆ ಇನ್ನೆರಡು ಕಾರಣ ಇರಬಹುದು: ಮುಚ್ಚಿಕೊಂಡೇ ಇರುವ ಥರ್ಮೋಸ್ಟ್ಯಾಟ್, ಅಥವಾ ತೆರೆದೇ ನಿಂತುಬಿಟ್ಟ ಪ್ರೆಶರ್ ವಾಲ್ವ್. ಅದರ ವಿಷಯ ಮುಂದೆ ಹೇಳುತ್ತೇನೆ.

ಐಡಲ್‌ನಲ್ಲಿ ಆರಾಮಾಗಿದೆ, ಸ್ಪೀಡಿನಲ್ಲಿ ಬಿಸಿ ಅಂದರೆ ನೀರು ಸಾಲುತ್ತಿಲ್ಲ. ಜಾಲರಿ ಅರ್ಧ ಕಟ್ಟಿರಬಹುದು. ಪಂಪಿನ ಒಳಗೋಡೆ ಸವೆದಿರಬಹುದು. ಬ್ಲಾಕ್ ಒಳಗೆ ಉಪ್ಪು, ಮರಳು ಕೂತಿರಬಹುದು. ಪ್ರೆಶರ್ ವಾಲ್ವ್ ತೆರೆಯದೇ ಇರಬಹುದು. ಅಥವಾ ಮೋಟರ್ ಬೋಟಿನ ಮೇಲೆ ಜಾಸ್ತಿ ಎತ್ತರದಲ್ಲಿ ಕೂತಿರಬಹುದು. ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಸೋರುತ್ತಿದ್ದರೂ ಅದು ಮೊದಲು ಗೊತ್ತಾಗುವುದು ಲೋಡ್ ಬಿದ್ದಾಗಲೇ.

ಎರಡರಲ್ಲೂ ಬಿಸಿಯಾದರೆ ಪಂಪ್ ಪೂರ್ತಿ ಹೋಗಿದೆ ಅಥವಾ ದಾರಿ ಪೂರ್ತಿ ಕಟ್ಟಿದೆ. ನಿನ್ನೆ ತನಕ ಚೆನ್ನಾಗಿದ್ದು ಇವತ್ತು ಇದ್ದಕ್ಕಿದ್ದಂತೆ ಶುರುವಾದರೆ ಚೀಲ, ಕಸ, ಮುರಿದ ರೆಕ್ಕೆ ನೋಡಿ. ತಿಂಗಳುಗಟ್ಟಲೆ ನಿಧಾನಕ್ಕೆ ಹೆಚ್ಚುತ್ತಾ ಬಂದಿದ್ದರೆ ಉಪ್ಪಿನ ಪದರ, ಸವೆತ ನೋಡಿ. ವಿ ಆಕಾರದ ಎಂಜಿನ್‌ನಲ್ಲಿ ಒಂದೇ ಬದಿ ಬಿಸಿಯಾದರೆ ಪಂಪನ್ನು ಬೈಯಬೇಡಿ. ಎರಡೂ ಬದಿಗೆ ನೀರು ಕೊಡುವುದು ಅದೇ ಪಂಪ್ ಅಲ್ವಾ? ಆ ಬದಿಯ ಥರ್ಮೋಸ್ಟ್ಯಾಟ್, ಆ ಬದಿಯ ಗ್ಯಾಸ್ಕೆಟ್, ಆ ಬದಿಯ ಬ್ಲಾಕೇಜ್ ನೋಡಿ.

ನಿಜವಾಗಿಯೂ ಬಿಸಿ ಇದೆಯಾ?

ಇದನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ದೂರದಿಂದಲೇ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ಇಂಥ ಕೆಲಸಕ್ಕೆ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ. ಮೇಲಿನ ಮುಚ್ಚಳ ತೆಗೆದು, ಪ್ರತಿ ಸಿಲಿಂಡರಿನ ಹೆಡ್ ಹತ್ತಿರ, ಸೆನ್ಸರ್ ಪಕ್ಕದಲ್ಲಿ, ಥರ್ಮೋಸ್ಟ್ಯಾಟ್ ಮನೆಯ (ಅದು ಕೂತಿರುವ ಕವಚದ) ಮೇಲೆ ಅಳೆಯಿರಿ. ತಿರುಗುವ ಫ್ಲೈವೀಲಿನಿಂದ ಕೈ, ಬಟ್ಟೆ, ಕೂದಲು ದೂರ ಇರಲಿ. ಹೊಳೆಯುವ ಬರಿ ಅಲ್ಯೂಮಿನಿಯಂ ಮೇಲೆ ಈ ಥರ್ಮಾಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಬಣ್ಣ ಇರುವ ಜಾಗ ನೋಡಿ ಹಿಡಿಯಿರಿ, ಇಲ್ಲವೇ ಎಂಜಿನ್ ತಣ್ಣಗಿರುವಾಗಲೇ ಕಪ್ಪು ಮಾರ್ಕರಿನಿಂದ ಒಂದು ಚುಕ್ಕೆ ಬಳಿದಿಡಿ.

ಹೆಚ್ಚಿನ ಔಟ್‌ಬೋರ್ಡ್ ಥರ್ಮೋಸ್ಟ್ಯಾಟ್‌ಗಳು 50 ರಿಂದ 62 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಲು ಶುರು ಮಾಡುತ್ತವೆ. ಕಾರಿಗೆ ಹೋಲಿಸಿದರೆ ಇದು ತುಂಬಾ ಕಡಿಮೆ. ಉಪ್ಪುನೀರು ಹೆಚ್ಚು ಕಾದಷ್ಟೂ ಒಳಗೆ ಪದರ ಕಟ್ಟುವುದು ಜಾಸ್ತಿ, ಅದಕ್ಕೇ ಹೀಗೆ. ಐಡಲ್‌ನಲ್ಲಿ ಹೆಡ್ಡಿನ ಬಿಸಿ ಆ ಅಂಕಿಗಿಂತ ಸ್ವಲ್ಪ ಮೇಲೆ ನಿಂತಿದ್ದರೆ ಚಿಂತೆ ಇಲ್ಲ. ನಿಲ್ಲದೆ ಏರುತ್ತಲೇ ಹೋಗುತ್ತಿದ್ದರೆ, ಅಥವಾ ಒಂದು ಸಿಲಿಂಡರ್ ಮಾತ್ರ ಪಕ್ಕದ್ದಕ್ಕಿಂತ ತುಂಬಾ ಬಿಸಿ ಇದ್ದರೆ, ತೊಂದರೆ ನಿಜ.

ಎಲ್ಲ ಕಡೆ ತಣ್ಣಗಿದ್ದೂ ಅಲಾರ್ಮ್ ಕೂಗುತ್ತಿದ್ದರೆ ಆಗ ಸೆನ್ಸರ್ ಮೇಲೆ ಅನುಮಾನ ಪಡಿ. ಹಳೆಯ ಮೋಟರ್‌ಗಳಲ್ಲಿ ಇದು ಒಂದೇ ವೈರಿನ ಸರಳ ಸ್ವಿಚ್, ಬಿಸಿಯಾದಾಗ ಅರ್ತ್ ಆಗಿ ಅಲಾರ್ಮ್ ಕೂಗಿಸುತ್ತದೆ. ಆ ವೈರ್ ಬಿಚ್ಚಿದಾಗ ಸದ್ದು ನಿಂತರೆ ಸ್ವಿಚ್ ಹಾಳಾಗಿದೆ. ನಿಲ್ಲದಿದ್ದರೆ ವೈರ್ ಎಲ್ಲೋ ಉಜ್ಜಿ ಅರ್ತ್ ಆಗಿದೆ, ಅಥವಾ ಆ ಅಲಾರ್ಮ್ ಬಿಸಿಯದ್ದೇ ಅಲ್ಲ. ಆದರೆ ಅಳೆಯದೆ ಸುಮ್ನೆ ವೈರ್ ಕಿತ್ತು ಓಡಿಸುವವರೂ ಇದ್ದಾರೆ. ಅವರಿಗೆ ಆಮೇಲೆ ಸಿಗುವುದು ಸೀಜ್ ಆದ ಪಿಸ್ಟನ್.

ಹೊರಗಿನಿಂದ ನೋಡಬೇಕಾದ್ದು

ಜಾಲರಿಯ ಎರಡೂ ಬದಿ ನೋಡಿ. ಬೋಟಿನ ಅಡಿಗೆ ಬಣ್ಣ ಹೊಡೆಯುವಾಗ ಜಾಲರಿಯ ತೂತಿಗೂ ಬಣ್ಣ ತುಂಬಿರುವುದುಂಟು, ಚಿಪ್ಪುಹುಳಗಳು ಒಳಗೇ ಬೆಳೆದಿರುವುದುಂಟು. ಟಾರ್ಚ್ ಬಿಟ್ಟು ನೋಡಿ.

ಟೆಲ್‌ಟೇಲಿನ ಬಾಯಿಗೆ ದಪ್ಪ ನೈಲಾನ್ ದಾರ ತೂರಿಸಿ. ತಂತಿಯಾದರೆ ಮೆಲ್ಲಗೆ, ಒಳಗಿನ ಪೈಪ್ ತೂತಾಗಬಾರದು. ಬಹಳ ದಿನ ನಿಲ್ಲಿಸಿಟ್ಟ ಮೋಟರಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಸಾಲದ್ದಕ್ಕೆ ಮರಳೂ ಸೇರಿಕೊಂಡಿರುತ್ತದೆ. ಚುಚ್ಚಿದ ತಕ್ಷಣ ಧಾರೆ ಜೋರಾದರೆ ಒಳ್ಳೆಯದು. ಆದರೆ ಆ ಮರಳು ಎಲ್ಲಿಂದ ಬಂತು ಅಂತ ಯೋಚಿಸಿ. ಬ್ಲಾಕ್ ಒಳಗೂ ಇರಬಹುದು.

ಆಮೇಲೆ ಎತ್ತರ. ಪ್ರೊಪೆಲ್ಲರ್ ಮೇಲಿರುವ ಅಗಲವಾದ ತಟ್ಟೆ, ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರಲ್ಲ, ಅದು ಬೋಟಿನ ಅಡಿಯ ಮಟ್ಟಕ್ಕೆ ಸಮವಾಗಿ ಅಥವಾ ಸುಮಾರು 25 ಮಿಲಿಮೀಟರ್ ಮೇಲೆ ಇದ್ದರೆ ಸಾಮಾನ್ಯವಾಗಿ ಸರಿ. ಅದಕ್ಕಿಂತ ತುಂಬಾ ಮೇಲಿದ್ದರೆ ಸ್ಪೀಡಿನಲ್ಲಿ ಜಾಲರಿಗೆ ನೀರಿನ ಜೊತೆ ಗಾಳಿಯೂ ಸೇರುತ್ತದೆ. ಔಟ್‌ಬೋರ್ಡ್ ಶಾಫ್ಟ್ 15, 20, 25 ಇಂಚಿನ ಅಳತೆಗಳಲ್ಲಿ ಬರುತ್ತದೆ. ಮೋಟರ್ ಕಟ್ಟುವ ಹಿಂಬದಿಯ ಎತ್ತರ 20 ಇಂಚು ಇರುವ ಬೋಟಿಗೆ 15 ಇಂಚಿನ ಶಾಫ್ಟಿನ ಮೋಟರ್ ಕಟ್ಟಿದ್ದರೆ ಯಾವ ಇಂಪೆಲ್ಲರ್ ಹಾಕಿದರೂ ಪ್ರಯೋಜನ ಇಲ್ಲ. ಟ್ರಿಮ್ (ಮೋಟರಿನ ಓರೆ ಕೋನ) ಜಾಸ್ತಿ ಎತ್ತಿ ಓಡಿಸಿದರೂ ಇದೇ ತೊಂದರೆ. ಮೋಟರಿನ ನೇರ ಮುಂದೆ ಫಿಶ್‌ಫೈಂಡರ್ ಸೆನ್ಸರ್ ಕೂರಿಸಿದ್ದರೆ ಅದು ಎಬ್ಬಿಸುವ ಗುಳ್ಳೆ ಕೂಡ ಜಾಲರಿಗೇ ಹೋಗುತ್ತದೆ.

ಪಂಪ್ ಬಿಚ್ಚುವುದು

ಇಲ್ಲಿ ನಿಧಾನ ಇರಲಿ. ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್‌ನ ಕ್ಲಿಪ್ ತೆಗೆಯಿರಿ, ಸ್ಪಾರ್ಕ್ ಪ್ಲಗ್ ವೈರ್‌ಗಳನ್ನು ಬಿಚ್ಚಿಡಿ, ಪ್ರೊಪೆಲ್ಲರ್ ತೆಗೆದಿಡಿ. ಗೇರ್ ಯಾವ ಸ್ಥಾನದಲ್ಲಿರಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೆ, ಅದರಂತೆ ಇಡಿ, ಜೋಡಿಸುವಾಗಲೂ ಅದೇ ಸ್ಥಾನ. ಲೋವರ್ ಯೂನಿಟ್ ಹಿಡಿದಿರುವ ಬೋಲ್ಟ್‌ಗಳನ್ನು ಬಿಚ್ಚಿ. ಒಂದು ಬೋಲ್ಟ್ ಹಲವು ಮೋಟರ್‌ಗಳಲ್ಲಿ ಪ್ರೊಪೆಲ್ಲರ್ ಮೇಲಿನ ಸಣ್ಣ ಟ್ಯಾಬ್ ಒಳಗೆ ಅಡಗಿ ಕೂತಿರುತ್ತದೆ. ಅದು ಗೊತ್ತಿಲ್ಲದೆ ಎಳೆದಾಡಿ ಕೇಸಿಂಗ್ ಒಡೆದುಕೊಳ್ಳಬೇಡಿ. ಆ ಟ್ಯಾಬ್ ತೆಗೆಯುವ ಮೊದಲು ಅದು ಕೂತಿದ್ದ ಕೋನಕ್ಕೆ ಗುರುತು ಹಾಕಿ. ಶಿಫ್ಟ್ ರಾಡ್ ಬಿಡಿಸಬೇಕಾದ ಮಾದರಿಯಾದರೆ ಬಿಡಿಸಿ, ತೂಕಕ್ಕೆ ಕೈ ಕೊಟ್ಟು ಕೆಳಗಿಳಿಸಿ.

ಪಂಪಿನ ಮನೆ ತೆಗೆದಾಗ ಇಂಪೆಲ್ಲರ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಮೊದಲು ರೆಕ್ಕೆಗಳು ಎಲ್ಲವೂ ಇವೆಯಾ ಎಣಿಸಿ. ಬುಡದಲ್ಲಿ ಬಿರುಕು ಇದೆಯಾ, ಬಾಗಿ ಹಾಗೇ ನಿಂತಿವೆಯಾ ನೋಡಿ. ನಡುವಿನ ಲೋಹದ ಹಬ್ ಹಿಡಿದು ರಬ್ಬರನ್ನು ತಿರುಚಿ. ಹಬ್‌ನಿಂದ ರಬ್ಬರ್ ಬಿಟ್ಟುಕೊಂಡು ಜಾರುತ್ತಿದ್ದರೆ ರೆಕ್ಕೆ ಹೊಸದರಂತೆ ಕಂಡರೂ ನೀರು ಎತ್ತುವುದಿಲ್ಲ. ಶಾಫ್ಟಿಗೆ ಅದನ್ನು ಕಚ್ಚಿಸುವ ಸಣ್ಣ ಕೀ ಇದೆಯಾ, ತುಂಡಾಗಿದೆಯಾ? ಪಂಪಿನ ಒಳಗೋಡೆಯಲ್ಲಿ, ಕೆಳಗಿನ ಸ್ಟೀಲ್ ತಟ್ಟೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಅವನ್ನೂ ಬದಲಿಸಿ. ಪ್ಲಾಸ್ಟಿಕ್ ಮನೆ ಕರಗಿದಂತೆ ಕಂಡರೆ ಯಾರೋ ನೀರಿಲ್ಲದೆ ಓಡಿಸಿದ್ದಾರೆ. ಒಣಗಿದ ಇಂಪೆಲ್ಲರ್ ಹಾಳಾಗಲು ಕೆಲವು ಸೆಕೆಂಡು ಸಾಕು. ನನ್ನ ಅಭಿಪ್ರಾಯ ಕೇಳಿದರೆ ಇಂಪೆಲ್ಲರ್ ಒಂದನ್ನೇ ಕೊಳ್ಳುವುದು ಸುಳ್ಳು ಉಳಿತಾಯ, ಪೂರ್ತಿ ಪಂಪ್ ಕಿಟ್ ತಗೊಳ್ಳಿ.

ಒಂದು ರೆಕ್ಕೆ ಕಾಣೆಯಾಗಿದ್ದರೆ ಅದು ಮಾಯವಾಗಿಲ್ಲ. ನೀರಿನ ಜೊತೆ ಮೇಲಕ್ಕೆ ಹೋಗಿ ಎಲ್ಲೋ ಸಿಕ್ಕಿಕೊಂಡಿದೆ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಬಿಸಿಯಾಗುವ ಮೋಟರ್‌ಗಳ ಹಿಂದೆ ಎಷ್ಟೋ ಸಲ ಇದೇ ತುಂಡು ಇರುತ್ತದೆ. ಮುರಿದ ಚೂರುಗಳನ್ನು ಜೋಡಿಸಿ ರೆಕ್ಕೆ ಪೂರ್ತಿಯಾಗುತ್ತದಾ ನೋಡಿ, ಆಗದಿದ್ದರೆ ಹುಡುಕಲೇಬೇಕು.

ಲೋವರ್ ಯೂನಿಟ್ ಕೆಳಗಿರುವಾಗಲೇ ಈ ಪರೀಕ್ಷೆ

ಜಾಸ್ತಿ ಜನ ಮಾಡದ, ಆದರೆ ಬಹಳ ಹೇಳುವ ಪರೀಕ್ಷೆ ಇದು. ಥರ್ಮೋಸ್ಟ್ಯಾಟ್ ತೆಗೆದಿಟ್ಟು, ಮೇಲಕ್ಕೆ ಹೋಗುವ ನೀರಿನ ಕೊಳವೆಗೆ ಕೆಳಗಿನಿಂದ ಹೋಸ್ ಪೈಪ್ ಹಿಡಿದು ನೀರು ಬಿಡಿ. ಟೆಲ್‌ಟೇಲಿನಿಂದ ಧಾರೆ, ಥರ್ಮೋಸ್ಟ್ಯಾಟ್ ಬಾಯಿಂದ ನೀರು ಸಲೀಸಾಗಿ ಬಂದರೆ ಮೇಲಿನ ದಾರಿ ಚೆನ್ನಾಗಿದೆ, ತಪ್ಪು ಪಂಪಿನದ್ದೋ ತೆಗೆದಿಟ್ಟ ಥರ್ಮೋಸ್ಟ್ಯಾಟಿನದ್ದೋ ಇರಬಹುದು. ನೀರು ತಡೆದು ಕೆಳಗೇ ವಾಪಸ್ ಬಂದರೆ ಬ್ಲಾಕೇಜ್ ಮೇಲಿದೆ, ಹೊಸ ಪಂಪ್ ಹಾಕಿ ಪ್ರಯೋಜನ ಇಲ್ಲ. ಆಮೇಲೆ ಉಲ್ಟಾ ಮಾಡಿ. ಥರ್ಮೋಸ್ಟ್ಯಾಟ್ ಬಾಯಿಂದ ನೀರು ಬಿಟ್ಟು ಕೊಳವೆಯಿಂದ ಕೆಳಗೆ ಬರಿಸಿ. ಕೆಳಗೆ ಬಕೆಟ್ ಇಟ್ಟರೆ ಮರಳು, ಉಪ್ಪಿನ ಚಕ್ಕೆ, ರಬ್ಬರ್ ತುಂಡು ಏನು ಬಂತು ಅಂತ ಕಣ್ಣಿಗೇ ಕಾಣುತ್ತದೆ.

ಉಪ್ಪು ಗಟ್ಟಿಯಾಗಿ ಕೂತಿದ್ದರೆ ಬರಿ ನೀರಿಗೆ ಕರಗುವುದಿಲ್ಲ. ಅಲ್ಯೂಮಿನಿಯಂ ಎಂಜಿನ್‌ಗೆ ಅಂತಲೇ ಸಿಗುವ, ಪದರ ಕರಗಿಸುವ ಡಿಸ್ಕೇಲರ್ ಬಳಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ, ಅದು ಉಪ್ಪಿನ ಜೊತೆ ಎಂಜಿನ್ನನ್ನೂ ತಿನ್ನುತ್ತದೆ.

ವಾಪಸ್ ಜೋಡಿಸುವಾಗ ರೆಕ್ಕೆಗೆ ಸೋಪು ನೀರೋ ಗ್ಲಿಸರಿನ್ನೋ ಹಚ್ಚಿ. ಮೇಲಿನಿಂದ ನೋಡಿದಾಗ ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದೇ ದಿಕ್ಕಿಗೆ ತಿರುಗಿಸುತ್ತಾ ಪಂಪಿನ ಮನೆ ಒತ್ತಿದರೆ ರೆಕ್ಕೆಗಳು ಸರಿಯಾದ ಕಡೆಗೆ ಬಾಗುತ್ತವೆ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ತುದಿಯ ನೆತ್ತಿಗೆ ಹಚ್ಚಬೇಡಿ, ಅಲ್ಲಿ ತುಂಬಿದ ಗ್ರೀಸ್ ಶಾಫ್ಟ್ ಪೂರ್ತಿ ಒಳಗೆ ಹೋಗಲು ಬಿಡುವುದಿಲ್ಲ. ಕೊನೆಯದು, ನೀರಿನ ಕೊಳವೆ ಅದರ ರಬ್ಬರ್ ಸೀಲಿನೊಳಗೆ ಸರಿಯಾಗಿ ಕೂತಿದೆ ಅಂತ ಕಣ್ಣಿಂದ ನೋಡಿ ಖಚಿತ ಮಾಡಿಕೊಳ್ಳಿ. ಅದು ಪಕ್ಕಕ್ಕೆ ಜಾರಿದ್ದರೆ ಇಡೀ ದಿನದ ಕೆಲಸ ಮತ್ತೆ ಮೊದಲಿನಿಂದ.

ಥರ್ಮೋಸ್ಟ್ಯಾಟ್ ಮತ್ತು ಪ್ರೆಶರ್ ವಾಲ್ವ್

ಉಪ್ಪುನೀರಲ್ಲಿ ಓಡಿದ ಮೋಟರಿನಲ್ಲಿ ಥರ್ಮೋಸ್ಟ್ಯಾಟ್ ಮುಚ್ಚಳದ ಬೋಲ್ಟ್ ಕಚ್ಚಿಕೊಂಡಿರುತ್ತದೆ. ಬಲ ಹಾಕಿದರೆ ತಲೆ ಮುರಿಯುತ್ತದೆ, ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ, ಸ್ವಲ್ಪ ಬಿಗಿ ಮಾಡಿ ಆಮೇಲೆ ಸಡಿಲ ಮಾಡಿ.

ಪರೀಕ್ಷೆ ಸುಲಭ. ಥರ್ಮೋಸ್ಟ್ಯಾಟಿನ ವಾಲ್ವನ್ನು ಸ್ವಲ್ಪ ತೆರೆದು ಒಂದು ದಾರದ ತುದಿ ಕಚ್ಚಿಸಿ, ಆ ದಾರದಲ್ಲೇ ಅದನ್ನು ನೀರಿನ ಪಾತ್ರೆಯೊಳಗೆ ತೂಗುಬಿಡಿ. ಪಾತ್ರೆಯ ತಳ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನಿಧಾನಕ್ಕೆ ಕಾಯಿಸಿ. ವಾಲ್ವ್ ತೆರೆದ ಕ್ಷಣ ದಾರ ಬಿಟ್ಟು ಅದು ಕೆಳಗೆ ಬೀಳುತ್ತದೆ, ಆಗಿನ ಡಿಗ್ರಿ ನೋಡಿಕೊಳ್ಳಿ. ಅದರ ಮೇಲೆ ಬರೆದಿರುವ ಅಂಕಿಗೆ ಹತ್ತಿರ ಇರಬೇಕು. ಬೀಳದಿದ್ದರೆ, ತುಂಬಾ ತಡವಾಗಿ ಬಿದ್ದರೆ ಬಿಸಾಡಿ. ಹೊಸದನ್ನೂ ಹಾಕುವ ಮುಂಚೆ ಹೀಗೇ ನೋಡುವುದು ಒಳ್ಳೆಯದು.

ಥರ್ಮೋಸ್ಟ್ಯಾಟ್ ಇಲ್ಲದೆಯೇ ಓಡಿಸಿಬಿಡೋಣ ಅಂತ ಅನಿಸಬಹುದು. ಬೇಡ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಟೂ ಸ್ಟ್ರೋಕ್‌ನಲ್ಲಿ ಪ್ಲಗ್ ಕಪ್ಪಾಗುತ್ತದೆ, ಫೋರ್ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಇಳಿದು ಆಯಿಲ್ ತೆಳುವಾಗುತ್ತದೆ.

ದೊಡ್ಡ ಮೋಟರ್‌ಗಳಲ್ಲಿ ಥರ್ಮೋಸ್ಟ್ಯಾಟ್ ಜೊತೆಗೆ ಸ್ಪ್ರಿಂಗ್ ಇರುವ ಒಂದು ಪ್ರೆಶರ್ ವಾಲ್ವ್ ಇರುತ್ತದೆ. ಆರ್‌ಪಿಎಂ ಏರಿ ನೀರಿನ ಒತ್ತಡ ಹೆಚ್ಚಾದಾಗ ಇದು ತೆರೆದು ನೀರಿಗೆ ದೊಡ್ಡ ದಾರಿ ಬಿಡುತ್ತದೆ. ಒಂದು ಮರಳಿನ ಕಣ ಸಿಕ್ಕಿ ತೆರೆದೇ ನಿಂತರೆ ಐಡಲ್‌ನಲ್ಲಿ ಒತ್ತಡವೇ ನಿಲ್ಲುವುದಿಲ್ಲ. ತೆರೆಯದೆ ಹೋದರೆ ಸ್ಪೀಡಿನಲ್ಲಿ ಬಿಸಿ. ಬಿಚ್ಚಿ, ಸ್ಪ್ರಿಂಗ್, ರಬ್ಬರ್, ಕೂರುವ ಜಾಗ ನೋಡಿ ತೊಳೆದು ಹಾಕಿ.

ನೀರು ಸರಿ ಇದ್ದರೂ ಬಿಸಿಯಾದರೆ

ಈಗ ಹೆಡ್ ಗ್ಯಾಸ್ಕೆಟ್ ಕಡೆ ಬನ್ನಿ. ಸಿಲಿಂಡರಿನ ಬೆಂಕಿಗಾಳಿ ನೀರಿನ ದಾರಿಗೆ ನುಗ್ಗಿದರೆ ಅಲ್ಲಿ ಗುಳ್ಳೆ, ಹಬೆ ತುಂಬಿ ನೀರು ತಿರುಗುವುದಿಲ್ಲ. ಲೋಡ್ ಹಾಕಿದಾಗ ಟೆಲ್‌ಟೇಲ್ ಕೆಮ್ಮಿದಂತೆ ಬಿಟ್ಟುಬಿಟ್ಟು ಚಿಮ್ಮುವುದು ಒಂದು ಸುಳಿವು. ಸ್ಪಾರ್ಕ್ ಪ್ಲಗ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಒಂದು ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ. ಫೋರ್ ಸ್ಟ್ರೋಕ್ ಆದರೆ ಆಯಿಲ್ ಹಾಲು ಬೆರೆಸಿದಂತೆ ಕಾಣುತ್ತಿದೆಯಾ ನೋಡಿ. ಕಂಪ್ರೆಶನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಅಳೆಯಿರಿ: ಎಲ್ಲ ಪ್ಲಗ್ ತೆಗೆದು, ಇಗ್ನಿಶನ್ ಕಡಿತ ಮಾಡಿ, ಥ್ರಾಟಲ್ ಪೂರ್ತಿ ತೆರೆದು. ಸಿಲಿಂಡರ್‌ಗಳ ನಡುವೆ ಶೇಕಡಾ 10-15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಹೆಡ್ ಬಿಚ್ಚುವ ಕಾಲ ಬಂದಿದೆ. ಆದರೆ ಕಂಪ್ರೆಶನ್ ಸಮ ಇದ್ದ ಮಾತ್ರಕ್ಕೆ ಗ್ಯಾಸ್ಕೆಟ್ ಚೆನ್ನಾಗಿದೆ ಅಂತಲ್ಲ, ಸಣ್ಣ ಸೋರಿಕೆ ಇದರಲ್ಲಿ ತಪ್ಪಿಸಿಕೊಳ್ಳುತ್ತದೆ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವ ಲೀಕ್‌ಡೌನ್ ಪರೀಕ್ಷೆ ಇನ್ನೂ ನಂಬಿಕೆಯದ್ದು.

ನೀರಿಗೆ ಸಂಬಂಧವೇ ಇಲ್ಲದ ಕಾರಣಗಳೂ ಇವೆ. ಪೆಟ್ರೋಲ್ ಕಡಿಮೆ ಹೋಗುವುದು, ಟೂ ಸ್ಟ್ರೋಕ್‌ಗೆ ಆಯಿಲ್ ಸಾಲದಿರುವುದು, ಪ್ಲಗ್ ಕಿಡಿ ಹೊತ್ತಿಸುವ ಟೈಮಿಂಗ್ ಮುಂದಿರುವುದು, ಬೋಟಿಗೆ ಭಾರವಾದ ಪ್ರೊಪೆಲ್ಲರ್. ಇವು ಅಪಾಯ ಜಾಸ್ತಿ, ಯಾಕೆಂದರೆ ಪಿಸ್ಟನ್ ಕಾದು ಕೆಡುವ ತನಕವೂ ಅಲಾರ್ಮ್ ಕೂಗದೇ ಇರಬಹುದು.

ರಿಪೇರಿ ಆದ ಮೇಲೆ

ಇಯರ್‌ಮಫ್ (ಜಾಲರಿಗೆ ಎರಡೂ ಬದಿಯಿಂದ ಒತ್ತಿ ಹೋಸ್ ನೀರು ಕೊಡುವ ರಬ್ಬರ್ ಕಪ್) ಹಾಕಿ ನಲ್ಲಿ ನೀರಲ್ಲಿ ಓಡಿಸಿ ಸರಿಯಾಯ್ತು ಅಂತ ತೀರ್ಮಾನಿಸಬೇಡಿ. ನಲ್ಲಿಯ ಒತ್ತಡವೇ ಸೋತ ಪಂಪಿಗೆ ಸಹಾಯ ಮಾಡಿಬಿಡುತ್ತದೆ. ಹಾಗೆ ಓಡಿಸುವಾಗ ಪ್ರೊಪೆಲ್ಲರ್ ತೆಗೆದಿರಲಿ, ಐಡಲ್ ಬಿಟ್ಟು ಮೇಲೆ ಹೋಗಬೇಡಿ. ನಿಜವಾದ ಪರೀಕ್ಷೆ ಬೋಟ್ ನೀರಿನಲ್ಲಿದ್ದಾಗಲೇ: 10 ನಿಮಿಷ ಐಡಲ್, ಆಮೇಲೆ ಅರ್ಧ ಥ್ರಾಟಲ್, ಆಮೇಲೆ ಪೂರ್ತಿ. ಪ್ರತಿ ಹಂತದಲ್ಲೂ ಥ್ರಾಟಲ್ ಇಳಿಸಿದ ಕೂಡಲೇ ಹೆಡ್ ಅಳೆದು ಬರೆದಿಟ್ಟುಕೊಳ್ಳಿ. ಜೋರಾಗಿ ಓಡಿಸಿ ತಕ್ಷಣ ಆಫ್ ಮಾಡಿದರೆ ನೀರು ನಿಂತು ಬಿಸಿ ಸ್ವಲ್ಪ ಏರಿದಂತೆ ಕಾಣುತ್ತದೆ, ಅದು ಸಹಜ. ಒಂದೆರಡು ನಿಮಿಷ ಐಡಲ್ ಮಾಡಿ ಆಫ್ ಮಾಡಿ. ಉಪ್ಪುನೀರಿಂದ ಬಂದ ಮೇಲೆ ಪ್ರತಿ ಸಲ ಸಿಹಿನೀರಲ್ಲಿ ಫ್ಲಶ್ ಮಾಡಿ. ಹೋಸ್ ಸೇರಿಸುವ ಫ್ಲಶ್ ಪೋರ್ಟ್ ಇದ್ದರೆ ಎಂಜಿನ್ ಆಫ್ ಇಟ್ಟು ಮಾಡಬೇಕಾ, ಓಡಿಸುತ್ತಾ ಮಾಡಬೇಕಾ ಅನ್ನುವುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಮ್ಯಾನ್ಯುಯಲ್ ನೋಡದೆ ಸ್ಟಾರ್ಟ್ ಮಾಡಿದರೆ, ಈಗಷ್ಟೇ ಹಾಕಿದ ಇಂಪೆಲ್ಲರನ್ನು ನೀವೇ ಒಣಗಿಸಿ ಸುಡುತ್ತೀರಿ.